ಬೆರಳಿಡದ ತಂತಿ ಯಾವ ಸ್ವರ ನುಡಿಯಬೇಕು? ಗಿಟಾರಿನ ಬದಲಿ ಶ್ರುತಿಗಳ ಹೋಲಿಕೆ

ರಾಯಚೂರಿನ ನಮ್ಮ ಓಣಿಯ ಭಜನಾ ಮೇಳದಲ್ಲಿ ಹಾರ್ಮೋನಿಯಂನ ಶ್ರುತಿ ಯಾವಾಗಲೂ ಕಪ್ಪು ಒಂದಕ್ಕೆ ನಿಲ್ಲುತ್ತದೆ, ಏಕೆಂದರೆ ಮುಂದೆ ಕುಳಿತು ಹಾಡುವ ಹಿರಿಯರ ಕಂಠಕ್ಕೆ ಅದೇ ಒಗ್ಗಿದೆ. ನಾನು ಮೊದಲ ಬಾರಿಗೆ ಗಿಟಾರ್ ಹಿಡಿದು ಅವರ ಪಕ್ಕದಲ್ಲಿ ಕುಳಿತ ಸಂಜೆ, ಹಾಡು ಎರಡನೆಯ ನುಡಿಗೆ ಬರುವಷ್ಟರಲ್ಲಿ ತಂಬೂರಿಯವರು ನನ್ನ ಕಡೆ ಬಾಗಿ, “ತಮ್ಮಾ, ನಿನ್ನ ತಂತಿ ಬ್ಯಾರೇನೋ ಅಂತೈತಿ” ಎಂದರು. ಅವರ ಮಾತು ಲೆಕ್ಕಕ್ಕೂ ಸರಿಯಾಗಿತ್ತು. ಗಿಟಾರಿನ ಮಾಮೂಲಿ ಶ್ರುತಿ ಎಂದರೆ ದಪ್ಪನೆಯ ಆರನೆಯ ತಂತಿಯಿಂದ ತೆಳುವಾದ ಮೊದಲನೆಯ ತಂತಿಯವರೆಗೆ ಇ-ಎ-ಡಿ-ಜಿ-ಬಿ-ಇ. ಈ ಬರಹದುದ್ದಕ್ಕೂ ಸ್ವರಗಳನ್ನು ಇದೇ ಕ್ರಮದಲ್ಲಿ ಬರೆದಿದ್ದೇನೆ. ಕಪ್ಪು ಒಂದನ್ನು, ಅಂದರೆ ಸಿ ಶಾರ್ಪನ್ನು, ಷಡ್ಜವೆಂದು ಹಿಡಿದರೆ ಆ ಆರು ತಂತಿಗಳು ಕೋಮಲ ಗಾಂಧಾರ, ಕೋಮಲ ಧೈವತ, ಕೋಮಲ ರಿಷಭ, ತೀವ್ರ ಮಧ್ಯಮ, ಕೋಮಲ ನಿಷಾದ ಮತ್ತು ಪುನಃ ಕೋಮಲ ಗಾಂಧಾರ ಆಗುತ್ತವೆ. ಷಡ್ಜವೂ ಇಲ್ಲ, ಪಂಚಮವೂ ಇಲ್ಲ. ಬೆರಳು ಸ್ವಲ್ಪ ಜಾರಿ ಒಂದು ತಂತಿ ತಾನಾಗಿ ಮಿಡಿದರೂ ಅದು ಹಾಡಿಗೆ ಸಂಬಂಧವಿಲ್ಲದ ಸ್ವರವನ್ನೇ ನುಡಿಯುತ್ತದೆ.

ಬದಲಿ ಶ್ರುತಿಗಳ ಬಗ್ಗೆ ಮಾತನಾಡುವಾಗ ಸಾಮಾನ್ಯವಾಗಿ ಅವುಗಳ ವಿಚಿತ್ರ ನಾದವನ್ನೇ ಹೊಗಳಲಾಗುತ್ತದೆ. ನನ್ನ ಅನುಭವದಲ್ಲಿ ಆಯ್ಕೆಗೆ ಅದಕ್ಕಿಂತ ಗಟ್ಟಿಯಾದ ಆಧಾರವೊಂದಿದೆ: ಬೆರಳಿಡದ ತಂತಿಗಳು ಯಾವ ಸ್ವರಗಳನ್ನು ನುಡಿಯುತ್ತವೆ, ನೀವು ನುಡಿಸಲಿರುವ ಹಾಡು ಆ ಸ್ವರಗಳನ್ನು ಒಪ್ಪುತ್ತದೆಯೇ ಎಂಬುದು. ಅದರಲ್ಲೂ ಗಾಂಧಾರ ಮತ್ತು ಮಧ್ಯಮಗಳನ್ನು ಮೊದಲು ವಿಚಾರಿಸಬೇಕು, ಏಕೆಂದರೆ ಬಹುತೇಕ ಬದಲಿ ಶ್ರುತಿಗಳು ಷಡ್ಜ ಪಂಚಮಗಳ ವಿಷಯದಲ್ಲಿ ಒಂದೇ ಮಾತನ್ನು ಹೇಳಿ, ಈ ಎರಡು ಸ್ವರಗಳಲ್ಲಿ ಮಾತ್ರ ಬೇರೆಯಾಗುತ್ತವೆ.

ಮಾಮೂಲಿ ಶ್ರುತಿಯನ್ನು ಬಿಡುವ ಮೊದಲು

ಮಾಮೂಲಿ ಶ್ರುತಿಯನ್ನು ಹಗುರವಾಗಿ ನೋಡಬಾರದು. ಅದರ ಬೆರಳಿಡದ ತಂತಿಗಳಲ್ಲಿರುವ ಐದು ಸ್ವರಗಳು ಇ, ಜಿ, ಎ, ಬಿ, ಡಿ. ಇವುಗಳಲ್ಲಿ ಜಿಯನ್ನು ಷಡ್ಜ ಮಾಡಿಕೊಂಡರೆ ಅವು ಭೂಪದ, ಅಂದರೆ ಕರ್ನಾಟಕ ಪದ್ಧತಿಯ ಮೋಹನದ, ಐದೂ ಸ್ವರಗಳಾಗುತ್ತವೆ. ಇಯನ್ನು ಷಡ್ಜ ಮಾಡಿಕೊಂಡರೆ ಧಾನಿಯ, ಬಿಯನ್ನು ಮಾಡಿಕೊಂಡರೆ ಮಾಲ್ಕೌಂಸದ ಸ್ವರಗಳಾಗುತ್ತವೆ. ಗ್ರಹಭೇದದ, ಅಂದರೆ ಷಡ್ಜವನ್ನು ಬದಲಿಸಿ ಅದೇ ಸ್ವರಗಳಿಂದ ಬೇರೆ ರಾಗ ಪಡೆಯುವ, ಪಾಠವನ್ನು ವೀಣೆಯ ಮೇಲೆ ಕಲಿತವರಿಗೆ ಇದು ಹೊಸದಲ್ಲ, ಆದರೆ ಗಿಟಾರ್ ತರಗತಿಗಳಲ್ಲಿ ಯಾರೂ ಇದನ್ನು ಹೇಳಿದ್ದನ್ನು ನಾನು ಕೇಳಿಲ್ಲ. ಹಾಗಾಗಿ ಬಿಳಿ ಐದರಲ್ಲಿ (ಸಿಯಿಂದ ಎಣಿಸಿದರೆ ಹಾರ್ಮೋನಿಯಂನ ಐದನೆಯ ಬಿಳಿ ಮನೆ, ಅಂದರೆ ಜಿ) ಹಾಡುವ ಹೆಣ್ಣುಮಕ್ಕಳ ಭೂಪದ ದೇವರನಾಮಕ್ಕೆ ಜೊತೆಯಾಗಲು ಬಿರಡೆಯನ್ನು ಮುಟ್ಟಬೇಕಾದ ಅಗತ್ಯವೇ ಇಲ್ಲ.

ಶ್ರುತಿಯ ಎತ್ತರವಷ್ಟೇ ಸಮಸ್ಯೆಯಾಗಿದ್ದರೆ ಕೇಪೋ, ಅಂದರೆ ಎಲ್ಲ ತಂತಿಗಳನ್ನೂ ಒಂದು ಫ್ರೆಟ್ಟಿನ (ಕತ್ತಿನ ಮೇಲಿನ ಅಡ್ಡಪಟ್ಟಿಯ) ಬಳಿ ಒತ್ತಿ ಹಿಡಿಯುವ ಕ್ಲಿಪ್ಪು, ಸಾಕು. ನಾಲ್ಕನೆಯ ಫ್ರೆಟ್ಟಿನ ಮೇಲೆ ಕೇಪೋ ಹಾಕಿ ಎ ಕಾರ್ಡಿನ (ಒಟ್ಟಿಗೆ ನುಡಿಯುವ ಸ್ವರಗಳ ಗುಂಪಿನ) ಆಕಾರಗಳನ್ನು ಹಿಡಿದರೆ ಕಪ್ಪು ಒಂದು ಸಿಗುತ್ತದೆ. ಆದರೆ ಕೇಪೋ ಗಿಟಾರನ್ನು ಮೇಲಕ್ಕೆ ಮಾತ್ರ ಒಯ್ಯುತ್ತದೆ; ಮಂದ್ರದಲ್ಲಿ ತಂಬೂರಿಯಂತೆ ಸತತವಾಗಿ ನಿಲ್ಲುವ ಷಡ್ಜವನ್ನು ಅದು ಕೊಡಲಾರದು. ನಿಮಗೆ ಆ ನಿಲುಗಡೆಯ ನಾದವೇ ಬೇಕೆಂದಾದರೆ ಮಾತ್ರ ಮುಂದಿನ ಶ್ರುತಿಗಳತ್ತ ಬರುವುದು ಉಚಿತ.

ಡ್ರಾಪ್ ಡಿ ಮತ್ತು ಡ್ಯಾಡ್‌ಗ್ಯಾಡ್

ಮೊದಲ ಪ್ರಯೋಗಕ್ಕೆ ಎಲ್ಲಕ್ಕಿಂತ ಸುಲಭವಾದದ್ದು ಡ್ರಾಪ್ ಡಿ. ಆರನೆಯ ತಂತಿಯೊಂದನ್ನೇ ಇಯಿಂದ ಡಿಗೆ, ಅಂದರೆ 82.4 ಹರ್ಟ್ಸ್‌ನಿಂದ 73.4 ಹರ್ಟ್ಸ್‌ಗೆ ಇಳಿಸಿದರೆ ಮುಗಿಯಿತು. ಡಿಯನ್ನು ಷಡ್ಜವೆಂದುಕೊಂಡರೆ ತಂತಿಗಳು ಸಾ-ಪ-ಸಾ-ಮ-ಧ-ರಿ ಎಂದಾಗುತ್ತವೆ. ದುರ್ಗಾ ರಾಗ ಬಲ್ಲವರು ಇಲ್ಲಿ ತಟ್ಟನೆ ಗುರುತಿಸುವ ಸಂಗತಿಯೆಂದರೆ, ಆ ರಾಗದ ಐದು ಸ್ವರಗಳೂ ಬೆರಳನ್ನೇ ಇಡದೆ ಸಿಗುತ್ತವೆ ಎಂಬುದು. ಕಲಿತ ಕಾರ್ಡುಗಳಲ್ಲಿ ಮೇಲಿನ ಐದು ತಂತಿಗಳ ಆಕಾರ ಬದಲಾಗುವುದಿಲ್ಲವಾದ್ದರಿಂದ, ಸಿನಿಮಾ ಹಾಡುಗಳನ್ನು ನುಡಿಸುತ್ತ ನಡುವೆ ಒಂದೆರಡು ಭಕ್ತಿಗೀತೆ ನುಡಿಸುವವರಿಗೆ ಇದಕ್ಕಿಂತ ಹೆಚ್ಚಿನದು ಬೇಕಾಗಲಾರದು. ಕೊರತೆ ಇರುವುದು ಮೊದಲ ಎರಡು ತಂತಿಗಳಲ್ಲಿ. ಅಲ್ಲಿ ಶುದ್ಧ ಧೈವತ ಮತ್ತು ಶುದ್ಧ ರಿಷಭಗಳು ಕುಳಿತಿರುವುದರಿಂದ, ಎರಡನ್ನೂ ಕೋಮಲ ಮಾಡುವ ಭೈರವಿಗೆ ಬಂದಾಗ ಕೈ ಬಿಗಿಹಿಡಿಯಬೇಕಾಗುತ್ತದೆ.

ಡ್ಯಾಡ್‌ಗ್ಯಾಡ್ ಆ ತೊಡಕನ್ನು ತೆಗೆಯುತ್ತದೆ. ಡಿ-ಎ-ಡಿ-ಜಿ-ಎ-ಡಿ ಎಂಬ ಅಕ್ಷರಗಳನ್ನೇ ಒಂದು ಪದವಾಗಿ ಉಚ್ಚರಿಸಿ ಬಂದ ಹೆಸರಿದು. ಇಂಗ್ಲೆಂಡಿನ ಗಿಟಾರ್ ವಾದಕ ಡೇವಿ ಗ್ರಹಾಂ 1960ರ ದಶಕದ ಆರಂಭದಲ್ಲಿ ಮೊರಾಕ್ಕೋದಲ್ಲಿ ಊದ್ ಎಂಬ ಅರಬ್ ತಂತಿವಾದ್ಯದ ವಾದಕರ ಸಂಗೀತ ಕೇಳಿ, ಅವರ ಜೊತೆ ನುಡಿಸಲು ಅನುಕೂಲವಾಗುವಂತೆ ಈ ಶ್ರುತಿಯನ್ನು ಬಳಕೆಗೆ ತಂದರು. ಮುಂದೆ ಫ್ರಾನ್ಸಿನ ಪಿಯರ್ ಬೆನ್ಸೂಸಾನ್ ಇದನ್ನೇ ತಮ್ಮ ಏಕೈಕ ಶ್ರುತಿಯನ್ನಾಗಿ ಮಾಡಿಕೊಂಡರು. ಕಾರ್ಡುಗಳಿಗಿಂತ ರಾಗದಂಥ ಸಂಚಾರಕ್ಕೆ ಒಲಿದ ಸಂಗೀತವೊಂದರ ಜೊತೆಗಾರಿಕೆಗಾಗಿಯೇ ಹುಟ್ಟಿದ ಶ್ರುತಿ ನಮ್ಮ ಕಡೆಯ ಹಾಡಿಗೂ ಒಗ್ಗುವುದರಲ್ಲಿ ಆಶ್ಚರ್ಯವಿಲ್ಲ.

ಸ್ವರಗಳಲ್ಲಿ ಹೇಳುವುದಾದರೆ ಇದು ಸಾ-ಪ-ಸಾ-ಮ-ಪ-ಸಾ. ಗಾಂಧಾರವೇ ಇಲ್ಲ. ಹೀಗಾಗಿ ಗಾಂಧಾರ ಕೋಮಲವೋ ಶುದ್ಧವೋ ಎಂಬುದನ್ನು ಹಾಡುವವರೇ ನಿರ್ಧರಿಸುತ್ತಾರೆ, ಗಿಟಾರ್ ಅವರ ಬಾಯಿಗೆ ಅಡ್ಡ ಬರುವುದಿಲ್ಲ. ಕಾಫಿ, ಭೀಮಪಲಾಸಿ, ಭೈರವಿಗಳಿಗೆ ಇದು ನೀರಿಗೆ ಬಿಟ್ಟ ಮೀನಿನಂತೆ ಒಗ್ಗುತ್ತದೆ. ಮಾನ್ವಿಯ ಜಗನ್ನಾಥದಾಸರ, ಚೀಕಲಪರ್ವಿಯ ವಿಜಯದಾಸರ ಪದಗಳನ್ನು ತಂಬೂರಿಯೊಂದಿಗೆ ಕೇಳಿ ಬೆಳೆದ, ಸಿದ್ಧರಾಮ ಜಂಬಲದಿನ್ನಿಯವರ ವಚನಗಾಯನ ಕೇಳಿ ಬೆಳೆದ ಈ ಸೀಮೆಯ ಕಿವಿಗೆ ಗಿಟಾರಿನ ಎಲ್ಲ ಶ್ರುತಿಗಳಲ್ಲಿ ಪರಕೀಯವೆನಿಸದೆ ಇರುವುದು ಇದೊಂದೇ ಎಂದು ನಾನು ಧೈರ್ಯವಾಗಿ ಹೇಳುತ್ತೇನೆ.

ಆದರೂ ಇಲ್ಲೊಂದು ಹೊಂಡವಿದೆ, ಅದರಲ್ಲಿ ನಾನೇ ಬಿದ್ದಿದ್ದೇನೆ. ಮೂರನೆಯ ತಂತಿ ಶುದ್ಧ ಮಧ್ಯಮವನ್ನು ನುಡಿಯುತ್ತದೆ. ಯಮನದಲ್ಲಿ ಮಧ್ಯಮ ತೀವ್ರ, ಭೂಪದಲ್ಲಿ ಮಧ್ಯಮವೇ ವರ್ಜ್ಯ. ಈ ಎರಡೂ ರಾಗಗಳಲ್ಲಿ ಆ ತಂತಿಯನ್ನು ಖಾಲಿಯಾಗಿ ಮಿಡಿದರೆ ಊಟದಲ್ಲಿ ಕಲ್ಲು ಸಿಕ್ಕಂತಾಗುತ್ತದೆ. ಮಾಲ್ಕೌಂಸದಲ್ಲಿ ತೊಂದರೆ ಇನ್ನೊಂದು ಬಗೆಯದು, ಅಲ್ಲಿ ಮಧ್ಯಮ ಬೇಕು, ಪಂಚಮ ಕೂಡದು. ಗಾಯಕರು ಆ ರಾಗಕ್ಕೆ ತಂಬೂರಿಯ ಪಂಚಮದ ತಂತಿಯನ್ನು ಮಧ್ಯಮಕ್ಕೆ ಇಳಿಸಿಕೊಳ್ಳುವುದನ್ನು ನೋಡಿ ನಾನೂ ಅದೇ ದಾರಿ ಹಿಡಿದೆ: ಡಿ-ಜಿ-ಡಿ-ಜಿ-ಸಿ-ಡಿ, ಅಂದರೆ ಸಾ-ಮ-ಸಾ-ಮ-ನಿ-ಸಾ, ನಿಷಾದ ಕೋಮಲ. ಮಾಮೂಲಿ ಶ್ರುತಿಯಿಂದ ಇಲ್ಲಿಗೆ ಬರಲು ಆರನೆಯ, ಐದನೆಯ ಮತ್ತು ಮೊದಲನೆಯ ತಂತಿಗಳನ್ನು ಎರಡೆರಡು ಅರ್ಧಸ್ವರ (ಒಂದು ಅರ್ಧಸ್ವರವೆಂದರೆ ಒಂದು ಫ್ರೆಟ್ಟಿನಷ್ಟು ಅಂತರ) ಇಳಿಸಿ, ಎರಡನೆಯದನ್ನು ಒಂದು ಅರ್ಧಸ್ವರ ಏರಿಸಿದರೆ ಸಾಕು. ಈವರೆಗೆ ಮಾಡಿದ ಪ್ರಯೋಗಗಳಲ್ಲಿ ನನಗೆ ಅತ್ಯಂತ ತೃಪ್ತಿ ಕೊಟ್ಟದ್ದು ಇದೇ.

ಡ್ಯಾಡ್‌ಗ್ಯಾಡನ್ನು ಟ್ಯೂನರ್ ಯಂತ್ರದ ಸಹಾಯವಿಲ್ಲದೆ ಕೂಡಿಸುವುದು ಕಷ್ಟವಲ್ಲ. ನಾಲ್ಕನೆಯ ತಂತಿ ಆಗಲೇ ಡಿಯಲ್ಲಿದೆ. ಆರನೆಯದನ್ನು ಅದರ ಮಂದ್ರಕ್ಕೆ, ಮೊದಲನೆಯದನ್ನು ಅದರ ಮೇಲಿನ ಸ್ಥಾಯಿಗೆ ಸೇರಿಸಬೇಕು. ಐದನೆಯ ತಂತಿ ಎ; ಎರಡನೆಯದನ್ನು ಅದರ ಮೇಲಿನ ಸ್ಥಾಯಿಗೆ ಇಳಿಸಬೇಕು. ಮೂರನೆಯ ತಂತಿಯ ಎರಡನೆಯ ಫ್ರೆಟ್ಟು ಎರಡನೆಯ ತಂತಿಯ ನಾದಕ್ಕೆ ಸಮವಾಗಿದ್ದರೆ ಕೆಲಸ ಸರಿಯಾಗಿದೆ ಎಂದರ್ಥ.

ಗಾಂಧಾರವನ್ನು ಹೊತ್ತ ಶ್ರುತಿಗಳು

ಓಪನ್ ಡಿ ಎಂದರೆ ಡಿ-ಎ-ಡಿ-ಎಫ್ ಶಾರ್ಪ್-ಎ-ಡಿ, ನಮ್ಮ ಲೆಕ್ಕದಲ್ಲಿ ಸಾ-ಪ-ಸಾ-ಗ-ಪ-ಸಾ. ಓಪನ್ ಜಿ ಎಂದರೆ ಡಿ-ಜಿ-ಡಿ-ಜಿ-ಬಿ-ಡಿ, ಅಂದರೆ ಪ-ಸಾ-ಪ-ಸಾ-ಗ-ಪ. ಎರಡರಲ್ಲೂ ಬೆರಳಿಡದೆ ಮಿಡಿದರೆ ಪೂರ್ಣ ಮೇಜರ್ ಕಾರ್ಡ್ ಕೇಳಿಸುತ್ತದೆ, ಒಂದೇ ಬೆರಳನ್ನು ಅಡ್ಡ ಹಾಕಿದರೆ ಬೇರೆ ಮೇಜರ್ ಕಾರ್ಡುಗಳು ಸಿಗುತ್ತವೆ. ಸುಲಭ ಎನ್ನುವುದು ನಿಜ. ಆದರೆ ಶುದ್ಧ ಗಾಂಧಾರ ತಂತಿಯ ಮೇಲೆ ಖಾಯಂ ಆಗಿ ಕುಳಿತುಬಿಟ್ಟಿರುವುದರಿಂದ ಕೋಮಲ ಗಾಂಧಾರದ ರಾಗಗಳಿಗೆ ಬಾಗಿಲು ಮುಚ್ಚಿದಂತೆಯೇ ಸರಿ. ಯಮನ, ಭೂಪ, ಬಿಲಾವಲ್‌ಗಳನ್ನೇ ಹೆಚ್ಚಾಗಿ ನುಡಿಸುವವರು ಡ್ಯಾಡ್‌ಗ್ಯಾಡನ್ನು ಬಿಟ್ಟು ಓಪನ್ ಡಿಯನ್ನೇ ಹಿಡಿಯಬೇಕು; ಅಲ್ಲಿ ಮಧ್ಯಮದ ಕಾಟವಿಲ್ಲ. ಒಂದರಿಂದ ಇನ್ನೊಂದಕ್ಕೆ ಹೋಗಲು ಮೂರನೆಯ ತಂತಿಯನ್ನು ಒಂದು ಅರ್ಧಸ್ವರ ಇಳಿಸಿದರೆ ಆಯಿತು, ಹಾಡುಗಳ ನಡುವೆ ಹಾರ್ಮೋನಿಯಂನವರು ಬೆವರು ಒರೆಸಿಕೊಳ್ಳುವಷ್ಟು ಹೊತ್ತು ಸಾಕು.

ಓಪನ್ ಜಿಯಲ್ಲಿ ಆರನೆಯ ತಂತಿ ಪಂಚಮವಾಗುವುದರಿಂದ ತಳದಲ್ಲಿ ಷಡ್ಜದ ಭಾರ ಇರುವುದಿಲ್ಲ. ರೋಲಿಂಗ್ ಸ್ಟೋನ್ಸ್ ರಾಕ್ ತಂಡದ ಕೀತ್ ರಿಚರ್ಡ್ಸ್ ಈ ಶ್ರುತಿಯಲ್ಲಿ ಆರನೆಯ ತಂತಿಯನ್ನೇ ತೆಗೆದುಹಾಕಿ ಐದು ತಂತಿಗಳಲ್ಲಿ ನುಡಿಸುತ್ತ ಬಂದಿದ್ದಾರೆ, ಹಾಗೆ ಮಾಡಿದಾಗ ಷಡ್ಜವೇ ತಳದ ಸ್ವರವಾಗುತ್ತದೆ. ಹೆಂಗಸರ ಕಂಠಕ್ಕೆ ಇದು ಉತ್ತಮ: ಕೇಪೋ ಇಲ್ಲದೆ ಬಿಳಿ ಐದು, ಎರಡನೆಯ ಫ್ರೆಟ್ಟಿನಲ್ಲಿ ಬಿಳಿ ಆರು, ಮೂರನೆಯದರಲ್ಲಿ ಕಪ್ಪು ಐದು. ಅದೇ ಓಪನ್ ಡಿ ಮತ್ತು ಡ್ಯಾಡ್‌ಗ್ಯಾಡ್‌ಗಳು ಬಿಳಿ ಎರಡರಿಂದ ಆರಂಭವಾಗುತ್ತವೆ, ಅಲ್ಲಿಂದ ಕೇಪೋ ಮೇಲಕ್ಕೆ ಒಯ್ಯುತ್ತದೆ.

ಸರಳಿನಿಂದ ಜಾರಿಸಿ ನುಡಿಸುವ ಸ್ಲೈಡ್ ಗಿಟಾರ್ ಕಲಿಯುವ ಇರಾದೆ ಇದ್ದರೆ ಈ ಎರಡರಲ್ಲೊಂದು ಅನಿವಾರ್ಯ, ಏಕೆಂದರೆ ನೇರವಾಗಿ ಅಡ್ಡ ಇಟ್ಟ ಸರಳು ಎಲ್ಲ ತಂತಿಗಳನ್ನೂ ಒಂದೇ ಗೆರೆಯಲ್ಲಿ ಮುಟ್ಟುತ್ತದೆ. ಹಿಂದೂಸ್ತಾನಿ ಸಂಗೀತಕ್ಕೆ ಸ್ಲೈಡ್ ಗಿಟಾರನ್ನು ಒಗ್ಗಿಸಿದ ಬ್ರಿಜ್ ಭೂಷಣ್ ಕಾಬ್ರಾ ಮತ್ತು ಸ್ಲೈಡ್ ಗಿಟಾರನ್ನೇ ಮಾರ್ಪಡಿಸಿದ ಮೋಹನ ವೀಣೆಯ ವಿಶ್ವಮೋಹನ ಭಟ್ ಅವರ ವಾದನವನ್ನು ಕೇಳಿದವರಿಗೆ ಮೀಂಡಿನ, ಅಂದರೆ ಸ್ವರದಿಂದ ಸ್ವರಕ್ಕೆ ಜಾರುವ, ಸಾಧ್ಯತೆಯನ್ನು ವಿವರಿಸಬೇಕಾಗಿಲ್ಲ. ಗಾಂಧಾರದ ತಂತಿಯ ಬಗ್ಗೆ ಇನ್ನೊಂದು ಮಾತು: ತಂಬೂರಿಯಲ್ಲಿ ತಾನಾಗಿ ಹೊಮ್ಮುವ ಗಾಂಧಾರ ಷಡ್ಜದಿಂದ ಸುಮಾರು 386 ಸೆಂಟ್ (ಒಂದು ಅರ್ಧಸ್ವರಕ್ಕೆ ನೂರು ಸೆಂಟ್) ದೂರದಲ್ಲಿದೆ, ಟ್ಯೂನರ್ ತೋರಿಸುವುದು 400. ತಂಬೂರಿಯೊಂದಿಗೆ ನುಡಿಸುವಾಗ ಆ ತಂತಿಯನ್ನು ಕಿವಿ ಒಪ್ಪುವಷ್ಟು, ಸುಮಾರು 14 ಸೆಂಟ್, ಇಳಿಸಿದರೆ ನಾದ ಕರಗಿ ಕೂಡುತ್ತದೆ. ಹಾರ್ಮೋನಿಯಂ ಇದ್ದಾಗ ಇಳಿಸಬಾರದು, ಇಳಿಸಿದರೆ ಎರಡು ವಾದ್ಯಗಳ ಗಾಂಧಾರ ಒಂದನ್ನೊಂದು ತಿಕ್ಕುತ್ತವೆ.

ಓಪನ್ ಡಿಯ ಅಂತರಗಳನ್ನೇ ಉಳಿಸಿಕೊಂಡು ಎರಡು ಅರ್ಧಸ್ವರ ಮೇಲಕ್ಕೆ ಒಯ್ದದ್ದು ಓಪನ್ ಇ. ಹಳೆಯ ಗಿಟಾರಿನ ಮೇಲೆ ಅದನ್ನು ಪ್ರಯತ್ನಿಸಬೇಡಿ; ಕಾರಣವನ್ನು ಬಿಗಿತದ ಮಾತಿನಲ್ಲಿ ಹೇಳುತ್ತೇನೆ. ಓಪನ್ ಡಿಗೆ ಎರಡನೆಯ ಫ್ರೆಟ್ಟಿನಲ್ಲಿ ಕೇಪೋ ಹಾಕಿದರೆ ಅದೇ ಫಲ ಸಿಗುತ್ತದೆ.

ಇನ್ನಷ್ಟು ದೂರದ ಪ್ರಯೋಗಗಳು

ಕೆನಡಾದ ಗಾಯಕಿ ಜೋನಿ ಮಿಚೆಲ್ ಬಾಲ್ಯದ ಪೋಲಿಯೊದಿಂದ ದುರ್ಬಲವಾದ ಎಡಗೈಗೆ ಒಗ್ಗುವಂತೆ ಹತ್ತಾರು ಶ್ರುತಿಗಳನ್ನು ತಾವೇ ಕಟ್ಟಿಕೊಂಡರು. ಅಂಥ ಅಗತ್ಯವೋ ಹಂಬಲವೋ ಇದ್ದವರಿಗೆ ದಾರಿಗಳು ಬಹಳ ಇವೆ, ಆದರೆ ಅವುಗಳಲ್ಲಿ ಹೆಚ್ಚಿನವು ಎರಡನೆಯ ಗಿಟಾರನ್ನು ಬೇಡುತ್ತವೆ.

ಇಂಗ್ಲೆಂಡಿನ ಗಿಟಾರ್ ವಾದಕ ರಾಬರ್ಟ್ ಫ್ರಿಪ್ 1983ರಲ್ಲಿ ರೂಪಿಸಿದ ಸಿ-ಜಿ-ಡಿ-ಎ-ಇ-ಜಿ ಶ್ರುತಿಯನ್ನೇ ನೋಡಿ. ಕೊನೆಯ ಜೋಡಿಯೊಂದನ್ನು ಬಿಟ್ಟರೆ ಪ್ರತಿ ತಂತಿಯೂ ಹಿಂದಿನದಕ್ಕೆ ಪಂಚಮ, ಮ್ಯಾಂಡೊಲಿನ್ ನುಡಿಸುವವರಿಗೆ ಪರಿಚಿತವಾದ ಲೆಕ್ಕ. ಸಿಯನ್ನು ಷಡ್ಜ ಮಾಡಿದರೆ ಇಲ್ಲಿಯೂ ಭೂಪದ ಐದು ಸ್ವರಗಳು ಪ್ರತ್ಯಕ್ಷವಾಗುತ್ತವೆ, ಅದೂ ಬಹು ವಿಶಾಲವಾದ ಹರವಿನಲ್ಲಿ. ಆದರೆ ಎರಡನೆಯ ತಂತಿ ಬಿಯಿಂದ ಇಗೆ ಐದು ಅರ್ಧಸ್ವರ ಏರಬೇಕಾಗುವುದರಿಂದ ಮಾಮೂಲಿ ತಂತಿಗಳಲ್ಲಿ ಇದು ಆಗದ ಮಾತು, ತಂತಿಗಳ ದಪ್ಪವನ್ನೇ ಬೇರೆಯಾಗಿ ಆರಿಸಬೇಕು. ಎಲ್ಲ ತಂತಿಗಳ ನಡುವೆಯೂ ಸಮಾನವಾಗಿ ಮಧ್ಯಮದ ಅಂತರವಿಡುವ ಇ-ಎ-ಡಿ-ಜಿ-ಸಿ-ಎಫ್ ಶ್ರುತಿಯನ್ನು ಅಮೆರಿಕದ ಜಾಝ್ ಗಿಟಾರ್ ವಾದಕ ಸ್ಟ್ಯಾನ್ಲಿ ಜೋರ್ಡನ್ ಬಳಸುತ್ತಾರೆ; ಒಂದು ಕಡೆ ಕಲಿತ ತಾನಿನ ಬೆರಳಿಕೆ ಎಲ್ಲ ಕಡೆಯೂ ಹಾಗೆಯೇ ನಡೆಯುತ್ತದೆ. ಒಂಟಿಯಾಗಿ ಸ್ವರಸಂಚಾರ ಮಾಡುವವರಿಗೆ ಅದು ಬುದ್ಧಿವಂತ ಆಯ್ಕೆ, ಜೊತೆಗಾರಿಕೆಗೆ ಅದರಿಂದ ಲಾಭವಿಲ್ಲ.

ನ್ಯಾಶ್‌ವಿಲ್ ಶ್ರುತಿಯಲ್ಲಿ ಸ್ವರಗಳ ಹೆಸರು ಬದಲಾಗುವುದಿಲ್ಲ, ಕೆಳಗಿನ ನಾಲ್ಕು ತಂತಿಗಳ ಬದಲು ತೆಳು ತಂತಿಗಳನ್ನು ಹಾಕಿ ಒಂದು ಸ್ಥಾಯಿ ಮೇಲೆ ಕೂಡಿಸಲಾಗುತ್ತದೆ. ಹಾರ್ಮೋನಿಯಂ ತುಂಬಿಕೊಂಡಿರುವ ಜಾಗದಿಂದ ಮೇಲೆದ್ದು ಗೆಜ್ಜೆಯಂತೆ ಕೇಳಿಸುವುದೇ ಅದರ ಗುಣ. ಇನ್ನು ಎಲ್ಲ ತಂತಿಗಳನ್ನೂ ಒಂದೇ ಸ್ವರದ ಬೇರೆ ಬೇರೆ ಸ್ಥಾಯಿಗಳಿಗೆ ಕೂಡಿಸುವ, ಅಮೆರಿಕದ ರಾಕ್ ಸಂಗೀತಗಾರ ಲೂ ರೀಡ್ 1964ರಲ್ಲಿ ಬಳಸಿದ ಆಸ್ಟ್ರಿಚ್ ಶ್ರುತಿಯನ್ನು ಪಶ್ಚಿಮದಲ್ಲಿ ಬಹಳ ದೊಡ್ಡ ಸಾಹಸವೆಂದು ವರ್ಣಿಸುತ್ತಾರೆ. ತತ್ವಪದಕಾರರ ಏಕತಾರಿಯನ್ನು ದಿನವೂ ಕೇಳುವ ನಮಗೆ ಅದರಲ್ಲಿ ಬೆರಗಾಗುವಂಥದ್ದೇನೂ ಕಾಣಿಸದು, ಆರು ತಂತಿಗಳ ಖರ್ಚಿನಲ್ಲಿ ಒಂದು ತಂತಿಯ ಕೆಲಸ ಅಷ್ಟೇ.

ಬಿಗಿತ, ತಂತಿ ಮತ್ತು ನಮ್ಮ ಬಿಸಿಲು

ತಂತಿಯ ಬಿಗಿತ ಅದರ ಕಂಪನಸಂಖ್ಯೆಯ ವರ್ಗಕ್ಕೆ ತಕ್ಕಂತೆ ಬದಲಾಗುತ್ತದೆ. ಎರಡು ಅರ್ಧಸ್ವರ ಇಳಿಸಿದರೆ ಬಿಗಿತ ಸುಮಾರು ಶೇ. 21ರಷ್ಟು ಕುಗ್ಗುತ್ತದೆ, ನಾಲ್ಕು ಇಳಿಸಿದರೆ ಶೇ. 37ರಷ್ಟು. ಎರಡು ಏರಿಸಿದರೆ ಶೇ. 26ರಷ್ಟು ಹೆಚ್ಚುತ್ತದೆ, ಓಪನ್ ಇಯಲ್ಲಿ ಮೂರು ತಂತಿಗಳು ಮೇಲೇರುವುದರಿಂದ ಕುದುರೆ (ತಂತಿಗಳನ್ನು ಹೊತ್ತ ಬ್ರಿಡ್ಜ್) ಕಿತ್ತು ಬರುವ ಭಯ ಅಲ್ಲಿದೆ. ಇಳಿಸುವಾಗ ಅಪಾಯವಿಲ್ಲ, ಕಿರಿಕಿರಿ ಇದೆ: ಸಡಿಲಾದ ತಂತಿ ಫ್ರೆಟ್ಟಿಗೆ ತಾಗಿ ಜರ್ರೆನ್ನುತ್ತದೆ, ಜೋರಾಗಿ ಮೀಟಿದಾಗ ಸ್ವರ ಮೊದಲು ಮೇಲೇರಿ ಆಮೇಲೆ ನಿಲ್ಲುತ್ತದೆ. ಅಕೌಸ್ಟಿಕ್ ಗಿಟಾರಿಗೆ ಸಾಮಾನ್ಯವಾಗಿ ಹಾಕುವ 12–53ರ ತಂತಿಗಳು (ಅತಿ ತೆಳು ಮತ್ತು ಅತಿ ದಪ್ಪ ತಂತಿಯ ಅಳತೆ, ಇಂಚಿನ ಸಾವಿರದ ಪಾಲಿನಲ್ಲಿ) ಡ್ಯಾಡ್‌ಗ್ಯಾಡ್‌ವರೆಗೆ ಸಹಿಸುತ್ತವೆ, ಅದಕ್ಕಿಂತ ಕೆಳಗಿಳಿಯುವವರು 13–56ರ ಸೆಟ್ಟು ಹಾಕಬೇಕು. ನಾನು ಕೇಳಿದ ಅಂಗಡಿಗಳಲ್ಲಿ ತೆಳು ತಂತಿಯ ಸೆಟ್ಟುಗಳೇ ಹೆಚ್ಚಾಗಿ ಇದ್ದವು, ದಪ್ಪನೆಯದನ್ನು ಹೊರಗಿನಿಂದ ತರಿಸಿಕೊಳ್ಳಬೇಕಾಯಿತು. ತರಿಸುವಾಗ ಎರಡು ಸೆಟ್ಟು ಒಟ್ಟಿಗೆ ತರಿಸುವುದು ಒಳ್ಳೆಯದು, ಪದೇ ಪದೇ ಏರಿಳಿಸಿದ ತಂತಿ ಬಿರಡೆಯ ಬಳಿ ಬೇಗ ಸೋಲುತ್ತದೆ.

ಬಳ್ಳಾರಿ, ರಾಯಚೂರುಗಳಲ್ಲಿ ಏಪ್ರಿಲ್, ಮೇ ತಿಂಗಳುಗಳ ಬಿಸಿಲು 40 ಡಿಗ್ರಿ ದಾಟುತ್ತದೆ, ಗಾಳಿಯಲ್ಲಿ ತೇವವಿರುವುದಿಲ್ಲ. ಉಕ್ಕಿನ ತಂತಿ ಕಾದು ಹಿಗ್ಗಿದಾಗ ಶ್ರುತಿ ಇಳಿಯುತ್ತದೆ; ಮೊದಲೇ ಸಡಿಲಿಸಿದ ತಂತಿಯಲ್ಲಿ ಈ ಇಳಿತ ಇನ್ನೂ ಎದ್ದು ಕಾಣುತ್ತದೆ. ಕೂಲರ್ ಇರುವ ಕೋಣೆಯಲ್ಲಿ ಶ್ರುತಿ ಮಾಡಿ ಅಂಗಳಕ್ಕೆ ಬಂದು ಕುಳಿತರೆ ಮೊದಲ ಹಾಡೇ ಕೆಡುತ್ತದೆ, ಆದ್ದರಿಂದ ಗಿಟಾರನ್ನು ಅರ್ಧ ತಾಸು ಮುಂಚೆ ಹೊರಗಿಟ್ಟು, ನುಡಿಸುವ ಜಾಗದಲ್ಲೇ ಶ್ರುತಿ ಮಾಡಬೇಕು. ಬಿರಡೆಯನ್ನು ಬೇಕಾದ ಸ್ವರಕ್ಕಿಂತ ಸ್ವಲ್ಪ ಕೆಳಗೆ ಇಳಿಸಿ, ಅಲ್ಲಿಂದ ಮೇಲಕ್ಕೆ ತಿರುಗಿಸಿ ನಿಲ್ಲಿಸಿದರೆ ತಂತಿ ಜಾರುವುದಿಲ್ಲ. ಗವಿಮಠದ ಜಾತ್ರೆಯ ಹೊತ್ತಿಗೆ, ಜನವರಿಯಲ್ಲಿ, ಕೊಪ್ಪಳದ ಬಯಲಿನಲ್ಲಿ ರಾತ್ರಿ ನುಡಿಸುವವರಿಗೆ ಇದು ತಿರುವುಮುರುವಾಗುತ್ತದೆ, ಚಳಿ ಏರಿದಂತೆ ಶ್ರುತಿಯೂ ಏರುತ್ತದೆ.

ಕಪ್ಪು ಒಂದರ ಮೇಳಕ್ಕೆ ಕೊನೆಗೆ ನಾನು ಆರಿಸಿಕೊಂಡದ್ದು ಡ್ಯಾಡ್‌ಗ್ಯಾಡಿನದೇ ಅಂತರಗಳುಳ್ಳ, ಆದರೆ ಎರಡು ಅರ್ಧಸ್ವರ ಕೆಳಗಿರುವ ಸಿ-ಜಿ-ಸಿ-ಎಫ್-ಜಿ-ಸಿ. ದಪ್ಪನೆಯ ತಂತಿ ಹಾಕಿ, ಮೊದಲನೆಯ ಫ್ರೆಟ್ಟಿನಲ್ಲಿ ಕೇಪೋ ಇಟ್ಟರೆ ಕಪ್ಪು ಒಂದು ಮಂದ್ರದಿಂದಲೇ ಎದ್ದು ನಿಲ್ಲುತ್ತದೆ. ಹಾಡುವವರು ಆ ದಿನ ಬಿಳಿ ಎರಡು ಕೇಳಿದರೆ ಕೇಪೋವನ್ನು ಒಂದು ಮನೆ ಮುಂದೆ ಸರಿಸುತ್ತೇನೆ, ಗಂಟಲು ಕಟ್ಟಿದ ದಿನ ಬಿಳಿ ಒಂದಕ್ಕೆ ಇಳಿದರೆ ಕೇಪೋವನ್ನೇ ತೆಗೆಯುತ್ತೇನೆ. ಭೂಪದ ಪದ ಬಂದಾಗ ಮೂರನೆಯ ತಂತಿಯನ್ನು ಹೆಬ್ಬೆರಳಿನ ಪಕ್ಕದಿಂದ ಮುಟ್ಟಿ ಸುಮ್ಮನಾಗಿಸುತ್ತೇನೆ. ತಂಬೂರಿಯವರು ಈಗ ನನ್ನ ಕಡೆ ಬಾಗುವುದು ಹಾಡಿನ ಮೊದಲು, ಅದೂ ಅವರ ತಂಬೂರಿಯ ಶ್ರುತಿಯನ್ನು ನನ್ನ ಆರನೆಯ ತಂತಿಗೆ ತಾಳೆ ನೋಡಿಕೊಳ್ಳಲು.